ಬಿಡಿ ಸಂಚಿಕೆ, ಇಡಿ ಸಂಪುಟ

ಧಾರಾವಾಹಿಯ ಮುಂದಿನ ಕಂತಿಗಾಗಿ ಕಾಯುವ ಸುಖ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಅದೇ ಕಥೆ ಮುಂದೆ ಪುಸ್ತಕವಾಗಿ ಕೈಗೆ ಬಂದಾಗ ಬೇರೊಂದು ಕೃತಿಯೇ ಎಂಬಂತೆ ಭಾಸವಾಗುವುದೂ ಉಂಟು. ಈ ಮಾತು ಕಾದಂಬರಿಗೆ ಹೇಗೋ ಚಿತ್ರಕಥೆಗೂ ಹಾಗೆಯೇ ಸಲ್ಲುತ್ತದೆ. ಇಂಗ್ಲೆಂಡಿನ ಲೇಖಕ ಅಲನ್ ಮೂರ್ ಅವರು ಬರೆದ ಎರಡು ಚಿತ್ರಕಥೆಗಳ ಸಂಪುಟಗಳನ್ನು ಈ ವಾರ ಪರಿಶೀಲನೆಗೆ ಎತ್ತಿಕೊಂಡಿದ್ದೇನೆ. ಚಿತ್ರಕಥೆಯೆಂದರೆ ಹುಡುಗರ ಕಾಲಹರಣವೆಂದು ಮೂಗು ಮುರಿಯುವ ವಿದ್ವಾಂಸರು ದಯಮಾಡಿ ಸ್ವಲ್ಪ ತಾಳಬೇಕು.

ಮೊದಲನೆಯದು 'ವಾಚ್‌ಮೆನ್'. ಡೇವ್ ಗಿಬ್ಬನ್ಸ್ ಅವರ ಚಿತ್ರಗಳೊಡನೆ ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆಯಿಂದ 1986-87ರಲ್ಲಿ 12 ಬಿಡಿ ಸಂಚಿಕೆಗಳಾಗಿ ಹೊರಟ ಈ ಕಥೆ, 1987ರಲ್ಲಿಯೇ ಸಂಪುಟವಾಯಿತು. ಮುಖವಾಡ ತೊಟ್ಟು ದುಷ್ಟರನ್ನು ದಂಡಿಸುತ್ತಿದ್ದ ವೀರರಲ್ಲೊಬ್ಬನ ಕೊಲೆಯಿಂದ ಕಥೆ ತೊಡಗುತ್ತದೆ. ಅಣ್ವಸ್ತ್ರ ಯುದ್ಧದ ಭೀತಿ ಲೋಕವನ್ನೇ ಕವಿದಿದೆ. ಯಾರ ಅಂಕೆಗೂ ಸಿಗದವನು ಲೋಕರಕ್ಷಣೆಯ ಹೊಣೆಯನ್ನು ತಾನೇ ಹೊತ್ತರೆ, ಬೇಲಿಯೇ ಎದ್ದು ಹೊಲ ಮೇಯದೆಂಬ ಭರವಸೆ ಏನು? ಕೃತಿಯ ಜೀವಾಳ ಈ ಪ್ರಶ್ನೆಯಲ್ಲಿದೆ. ಅದರ ಕೊನೆಯನ್ನು ಹೇಳಿ ರಸಭಂಗ ಮಾಡಲಾರೆ.

ಸಂಪುಟವಾದುದರಿಂದ ಈ ಕೃತಿಗೆ ಲಾಭವೇ ಹೆಚ್ಚು. ಪುಟಕ್ಕೆ ಒಂಬತ್ತು ಚೌಕಗಳೆಂಬುದು ಇದರ ಮೂಲ ಅಳತೆ. ಅಧ್ಯಾಯದಿಂದ ಅಧ್ಯಾಯಕ್ಕೆ ಒಂದು ಗಡಿಯಾರದ ಮುಳ್ಳು ಹನ್ನೆರಡರ ಕಡೆಗೆ ಸರಿಯುತ್ತದೆ. ಮೊದಲ ಚೌಕದಲ್ಲಿ, ನಗುಮೊಗದ ಹಳದಿ ಬಿಲ್ಲೆಯೊಂದರ ಮೇಲೆ ರಕ್ತ ಚಿಮ್ಮಿದೆ. ಆ ಗುರುತು ಕಟ್ಟಕಡೆಯ ಚೌಕದಲ್ಲಿ ಬೇರೊಂದು ರೂಪದಲ್ಲಿ ಮರಳುತ್ತದೆ. ತಿಂಗಳುಗಟ್ಟಲೆ ಕಾದು ಓದಿದವನು ಮರೆಯಬಹುದಾದುದನ್ನು, ಇಡಿಯಾಗಿ ಓದುವವನು ಹಾಳೆ ಹಿಂದಿರುಗಿಸಿ ನೋಡಿ ಬೆರಗಾಗುತ್ತಾನೆ.

ಎರಡನೆಯದು 'ವಿ ಫಾರ್ ವೆಂಡೆಟ್ಟಾ'. ಚಿತ್ರಕಾರರು ಡೇವಿಡ್ ಲಾಯ್ಡ್. 1982ರಲ್ಲಿ ಇಂಗ್ಲೆಂಡಿನ 'ವಾರಿಯರ್' ಎಂಬ ಪತ್ರಿಕೆಯಲ್ಲಿ ಕಪ್ಪು ಬಿಳುಪಿನಲ್ಲಿ ಆರಂಭವಾದ ಈ ಕಥೆ, 1985ರಲ್ಲಿ ಆ ಪತ್ರಿಕೆಯೇ ನಿಂತುಹೋದುದರಿಂದ ನಡುದಾರಿಯಲ್ಲಿ ಉಳಿಯಿತು. ಡಿಸಿ ಸಂಸ್ಥೆ ಅದಕ್ಕೆ ಬಣ್ಣ ಹಾಕಿಸಿ 1988ರಲ್ಲಿ ಮತ್ತೆ ಮೊದಲಿನಿಂದ ಪ್ರಕಟಿಸತೊಡಗಿ, ಮರುವರ್ಷ ಮುಗಿಸಿತು. ಅಣುಯುದ್ಧದಿಂದ ಜರ್ಜರಿತವಾದ ಜಗತ್ತಿನಲ್ಲಿ, 1997ರ ಕಲ್ಪಿತ ಇಂಗ್ಲೆಂಡು ಸರ್ವಾಧಿಕಾರಿ ಪಕ್ಷವೊಂದರ ಹಿಡಿತದಲ್ಲಿದೆ. 1605ರಲ್ಲಿ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸಲು ಸಂಚು ಹೂಡಿದವರಲ್ಲೊಬ್ಬನಾದ ಗೈ ಫಾಕ್ಸನ ಮುಖವಾಡ ಧರಿಸಿ ಒಬ್ಬ ಅನಾಮಧೇಯ ಎದುರು ನಿಲ್ಲುತ್ತಾನೆ. ಅವನು ವಿಮೋಚಕನೋ ಕೊಲೆಗಡುಕನೋ ಎಂಬ ತೀರ್ಪು ಓದುಗನಿಗೇ ಬಿಟ್ಟದ್ದು. ಆದರೆ ಕಪ್ಪು ಬಿಳುಪಿಗೆಂದೇ ಬರೆದ ಚಿತ್ರಗಳ ಮೇಲೆ ಅನಂತರ ಬಳಿದ ಮಂಕು ಬಣ್ಣ, ನೆರಳಿನ ಹರಿತವನ್ನು ಕುಂದಿಸಿದೆ ಎಂದೇ ನನ್ನ ಭಾವನೆ.

ಈ ಎರಡು ಸಂಪುಟಗಳ ಹಿಂದೆ ಮೂರನೆಯ ಕಥೆಯೊಂದಿದೆ. ಪ್ರಕಾಶಕರು ಕೃತಿಯನ್ನು ನಿರ್ದಿಷ್ಟ ಅವಧಿಯವರೆಗೆ ಬಳಸದೆ ಬಿಟ್ಟರೆ ಅದರ ಹಕ್ಕು ಕರ್ತೃಗಳಿಗೆ ಮರಳತಕ್ಕದ್ದೆಂಬುದು ಕರಾರಿನಲ್ಲಿತ್ತು. ಚಿತ್ರಕಥೆಗಳು ಅಂಗಡಿಯಿಂದ ಬೇಗನೆ ಮರೆಯಾಗುತ್ತಿದ್ದ ಕಾಲವದು. ಹಕ್ಕು ಬೇಗ ಕೈಸೇರುವುದೆಂದೇ ಮೂರ್ ಅವರು ನಂಬಿದ್ದರು. ಆದರೆ ಸಂಪುಟಗಳು ಮುದ್ರಣದ ಮೇಲೆ ಮುದ್ರಣ ಕಂಡುವು. ಹಕ್ಕು ಮರಳಲೇ ಇಲ್ಲ. ಕೃತಿ ಸೋತಿದ್ದರೆ ಕರ್ತೃವಿನದಾಗುತ್ತಿತ್ತು. ಗೆದ್ದುದರಿಂದ ಪರರದಾಗಿ ಉಳಿಯಿತು. ಇದಕ್ಕಿಂತ ವಿಪರೀತವುಂಟೇ? ಮನನೊಂದ ಮೂರ್ ಅವರು, 2006 ಮತ್ತು 2009ರಲ್ಲಿ ಈ ಕಥೆಗಳು ಚಲನಚಿತ್ರಗಳಾಗಿ ತೆರೆಗೆ ಬಂದಾಗ ತಮ್ಮ ಹೆಸರನ್ನೇ ಹಾಕಗೊಡಲಿಲ್ಲ.

ಕರಾರಿಗೆ ರುಜು ಹಾಕಿದವರು ಅವರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಕಾಯಿದೆಯ ಕಣ್ಣಿಗೆ ಅದು ಸರಿಯಿರಬಹುದು. ಆದರೆ ಬಲವುಳ್ಳವನು ಬಲವನ್ನು ಹೇಗೆ ಬಳಸಬೇಕೆಂದು ಪುಟಪುಟದಲ್ಲೂ ಕೇಳುವ ಕೃತಿಗಳನ್ನು ಮಾರುವವರಿಗೆ, ಕಾಯಿದೆಯ ಉತ್ತರವೊಂದೇ ಸಾಲದು.

ಎರಡೂ ಪ್ರೌಢರು ಓದತಕ್ಕ ಕೃತಿಗಳು. ಹಿಂಸೆಯ ಚಿತ್ರಗಳಿರುವುದರಿಂದ ಎಳೆಯರ ಕೈಗೆ ಕೊಡಬಾರದು. ಒಂದೇ ಬೈಠಕ್ಕಿನಲ್ಲಿ ಮುಗಿಸದೆ ದಿನಕ್ಕೊಂದು ಅಧ್ಯಾಯದಂತೆ ಓದಿದರೆ, ಸಂಪುಟದ ಅಖಂಡತೆಯೊಡನೆ ಧಾರಾವಾಹಿಯ ನಿರೀಕ್ಷೆಯೂ ದಕ್ಕುತ್ತದೆ. ಮುಖಪುಟದ ಮೇಲಿನ ಹೆಸರುಗಳನ್ನು ಓದಿದವರು, ಒಳಪುಟದಲ್ಲಿ ಹಕ್ಕು ಯಾರದೆಂದು ಅಚ್ಚಾಗಿರುವ ಸಣ್ಣಕ್ಷರದ ಸಾಲನ್ನೂ ಒಮ್ಮೆ ನೋಡಲಿ.