ಮೂಟೆ ಸೊರಗುವುದು ಎಲ್ಲಿ?

ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ನಿಂತವರ ಸಿಟ್ಟೆಲ್ಲ ಅಂಗಡಿಕಾರನ ಮೇಲೆ. ಸಿಟ್ಟು ಬೇಡವೆಂದು ನಾವು ಹೇಳುವುದಿಲ್ಲ. ಅದು ಅಲ್ಲಿಗೇ ನಿಲ್ಲಬಾರದು ಎನ್ನುತ್ತೇವೆ. ಅಕ್ಕಿ ಆಹಾರ ನಿಗಮದ ಗೋದಾಮಿನಿಂದ ಹೊರಟು, ರಾಜ್ಯದ ಸಗಟು ಮಳಿಗೆಯಲ್ಲಿ ಇಳಿದು, ಗುತ್ತಿಗೆದಾರನ ಲಾರಿಯೇರಿ ನಮ್ಮ ಬೀದಿಗೆ ಬರುತ್ತದೆ. ಇಷ್ಟು ಕೈ ದಾಟುವಾಗ ಮೂಟೆ ಸೊರಗಿದರೆ ಕೊನೆಯ ಕೈಯನ್ನಷ್ಟೇ ಹಿಡಿಯುವುದು ಯಾವ ನ್ಯಾಯ? ಮಳಿಗೆಯವರು ಮೂಟೆ ಎಣಿಸಿ ಕೊಟ್ಟು ಕೈತೊಳೆದುಕೊಂಡರೆ, ಅಂಗಡಿಯವನು ಮಾತ್ರ ಕಿಲೋ ಲೆಕ್ಕದಲ್ಲಿ ತೂಗಿ ಹಂಚಬೇಕು. (ಅವರಲ್ಲೂ ಕಳ್ಳರಿದ್ದಾರೆ, ಬಲ್ಲೆವು.) ತಕ್ಕಡಿ ಹಿಡಿದು ಬಾಳುವ ನಮ್ಮ ವ್ಯಾಪಾರಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬೆರಳಚ್ಚಿನ ಯಂತ್ರ. ಕಳ್ಳ ಚೀಟಿ ಹಿಡಿಯಲು ಬಂದ ಯಂತ್ರಕ್ಕೆ ಸಿಕ್ಕಿಬಿದ್ದವರು ಯಾರು? ವರ್ಷಗಟ್ಟಲೆ ನೂಲು ಎಳೆದು, ಬಣ್ಣದ ತೊಟ್ಟಿಯಲ್ಲಿ ಕೈ ಅದ್ದಿ ಬೆರಳ ಗೆರೆ ಸವೆದವರು! ದುಡಿದ ಗುರುತೇ ಅವರಿಗೆ ಅಡ್ಡಿಯಾಯಿತು. 'ನಾಳೆ ಬನ್ನಿ' ಎಂದರೆ ಗಿರಣಿಯಲ್ಲಿ ಇನ್ನೊಂದು ಪಾಳಿಯ ಕೂಲಿ ಹೋಯಿತು.

ಮೇಲಿನವರ ಜಗಳವೂ ನಮ್ಮ ತಟ್ಟೆಗೇ ಬೀಳುತ್ತದೆ. 2023ರಲ್ಲಿ ಕೇಂದ್ರವು ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋಗೆ ಬದಲು ರಾಜ್ಯ ತಲೆಗೆ 170 ರೂಪಾಯಿ ಕೊಟ್ಟಿತು. ಕಿಲೋಗೆ 34 ರೂಪಾಯಿ ಎಂಬುದು ನಿಗಮದ ದರ, ಸಂತೆಯ ದರವಲ್ಲ. 2025ರ ಫೆಬ್ರವರಿಯವರೆಗೆ ಆ ವ್ಯತ್ಯಾಸ ತೆತ್ತವರು ಸಚಿವರಲ್ಲ, ನಮ್ಮ ತಾಯಂದಿರು.

ಹಾಗಾದರೆ ನಗರಸಭೆಗೆ ಇದರಲ್ಲಿ ಕೆಲಸವಿಲ್ಲವೇ? ಕೇಳಿದರೆ ಸದಸ್ಯ ಮಹಾಶಯರು 'ಅದು ಆಹಾರ ಇಲಾಖೆಯದು' ಎಂದು ಜಾರಿಕೊಳ್ಳುತ್ತಾರೆ. 2013ರ ಆಹಾರ ಭದ್ರತಾ ಕಾಯಿದೆಯನ್ನು ಅವರು ತೆರೆದು ನೋಡಲಿ. ಧಾನ್ಯವನ್ನು ಅಂಗಡಿಯ ಬಾಗಿಲಿಗೆ ಮುಟ್ಟಿಸುವುದು ರಾಜ್ಯದ ಹೊಣೆ. ತಮ್ಮ ವ್ಯಾಪ್ತಿಯಲ್ಲಿ ಕಾಯಿದೆ ಸರಿಯಾಗಿ ನಡೆಯುವಂತೆ ನೋಡುವುದು ಸ್ಥಳೀಯ ಸಂಸ್ಥೆಗಳ ಹೊಣೆ. ಅಂಗಡಿಗಳ ಸಾಮಾಜಿಕ ಲೆಕ್ಕಪರಿಶೋಧನೆಗೂ, ಪ್ರತಿ ಅಂಗಡಿಯ ಮಟ್ಟದ ಜಾಗೃತ ಸಮಿತಿಗೂ ಅದರಲ್ಲೇ ಜಾಗವಿದೆ. ಧಾನ್ಯ ಕೊಡದಿದ್ದರೆ ಭತ್ಯೆ ಕೊಡಬೇಕೆಂದೂ ಬರೆದಿದೆ.

ನಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೆಗೆ ಸೇರಿದ್ದು ಯಾವಾಗ? ಹೆಸರುಗಳನ್ನು ಅಂಗಡಿಯ ಗೋಡೆಗೆ ಬರೆಸಿ. ಸಗಟು ಮಳಿಗೆಯ ಬಾಗಿಲಲ್ಲೇ ಮೂಟೆಗಳನ್ನು ಸಾರ್ವಜನಿಕರ ಎದುರು ತೂಗಿಸಿ. ಬೆರಳು ಒಪ್ಪದವರಿಗೆ ಅದೇ ದಿನ ದಸ್ತರಿನಲ್ಲಿ ಬರೆದು ಅಕ್ಕಿ ಕೊಡಿಸಿ. ನಗರಸಭೆಯ ಮುಂದಿನ ಸಾಮಾನ್ಯ ಸಭೆಗೆ ಈ ಮೂರು ಬೇಡಿಕೆಗಳನ್ನು ನಾವು ಒಯ್ಯುತ್ತೇವೆ. ಓದುಗರು ತಮ್ಮ ಪಡಿತರ ಚೀಟಿಯೊಡನೆ ಬರಬೇಕು.