ಮನೆ ಮಾರಿದ ಮೇಲೆ ಮೋಟಾರು ಯಾರದು?



ಕಳೆದ ಬೇಸಿಗೆಯಲ್ಲಿ ನಮ್ಮ ಜನವಾಡದಲ್ಲಿ ಒಂದು ಮನೆ ಮಾರಾಟವಾಯಿತು. ಕೊಂಡ ಸಹೋದರಿ ತನ್ನ ಬಳೆಗಳನ್ನು ಮಾರಿ ಹಣ ಹೊಂದಿಸಿದ್ದಳು. ಮನೆ ನೋಡಲು ಹೋದ ದಿನ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು. ಬೀಗದ ಕೈ ಪಡೆದು ಒಳಗೆ ಹೋದರೆ ಬೋರ್‌ವೆಲ್ಲಿನ ಮೋಟಾರು ಇಲ್ಲ; ಫ್ಯಾನುಗಳಿದ್ದ ಕಡೆ ಬರೀ ವೈರು ಜೋತಾಡುತ್ತಿದೆ.

ಇಬ್ಬರೂ ನನ್ನಲ್ಲಿ ಓದುವ ಮಕ್ಕಳ ತಾಯಂದಿರು. ನ್ಯಾಯ ಕೇಳಿಕೊಂಡು ನನ್ನ ಬಳಿಗೇ ಬಂದರು. "ಆಪಾ, ನಾವು ಮಾರಿದ್ದು ಮನೆ, ಸಾಮಾನಲ್ಲ. ಆ ಮೋಟಾರು ನನ್ನ ಮಗ ದುಡಿದು ಹಾಕಿಸಿದ್ದು" ಎಂದಳು ಒಬ್ಬಳು. "ನೀರಿಲ್ಲದ ಮನೆ ತಗೊಂಡು ನಾನೇನು ಮಾಡಲಿ, ಆಪಾ?" ಎಂದಳು ಇನ್ನೊಬ್ಬಳು.

ಕಾನೂನು ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಬೇರೆ ಮಾತಾಗಿರದಿದ್ದರೆ, ಬೀಗ, ಬೀಗದ ಕೈ, ಸರಳು, ಬಾಗಿಲು, ಕಿಟಕಿ ಮತ್ತು ಮನೆಯ ಕಾಯಂ ಬಳಕೆಗೆಂದು ಒದಗಿಸಿದ ಇತರ ವಸ್ತುಗಳು ಮನೆಯ ಜೊತೆಗೇ ಕೊಂಡವರಿಗೆ ಸೇರುತ್ತವೆ. ಮೋಟಾರು, ಗೀಸರ್ ಮುಂತಾದವುಗಳ ಹೆಸರು ಅದರಲ್ಲಿಲ್ಲ. ಜಗಳ ಹುಟ್ಟುವುದೇ ಅಲ್ಲಿ. ಕಾರ್ಖಾನೆಯೊಂದರ ಯಂತ್ರಗಳ ಬಗ್ಗೆ 1999ರಲ್ಲಿ ಡಂಕನ್ಸ್ ಇಂಡಸ್ಟ್ರೀಸ್ ಮೊಕದ್ದಮೆಯ ತೀರ್ಪು ನೀಡಿದ ಸುಪ್ರೀಂ ಕೋರ್ಟು, ವಸ್ತುವನ್ನು ಹೇಗೆ ಜೋಡಿಸಲಾಗಿದೆ, ಯಾವ ಉದ್ದೇಶಕ್ಕಾಗಿ ಜೋಡಿಸಲಾಗಿದೆ ಎಂಬುದನ್ನು ನೋಡಬೇಕೆಂದಿತು.

ಅದೇ ಅಳತೆಯನ್ನು ಮನೆಗೆ ಹಿಡಿಯೋಣ. ಫ್ರಿಜ್, ವಾಷಿಂಗ್ ಮೆಷಿನ್, ಗ್ಯಾಸ್ ಒಲೆ, ಸ್ಟ್ಯಾಂಡಿನ ಮೇಲಿನ ಕೂಲರ್ ಮಾರಿದವರವು. ನಲ್ಲಿ, ಸಿಂಕು, ಗೋಡೆಯೊಳಗಿನ ಕಪಾಟು, ವೈರಿಂಗು ಕೊಂಡವರವು. ಫ್ಯಾನು, ಗೀಸರ್, ಇನ್ವರ್ಟರ್ ಮಾತ್ರ ಮಾತುಕತೆಯಲ್ಲಿ ತೀರ್ಮಾನವಾಗಬೇಕಾದವು. ಇನ್ನು ಮೋಟಾರಿಲ್ಲದ ಬೋರ್‌ವೆಲ್ ಬರೀ ಒಂದು ತೂತು. ಆದ್ದರಿಂದ ಅದು ಮನೆಯದೇ ಎಂಬುದು ನನ್ನ ಅಭಿಪ್ರಾಯ.

ಪರಾಗಸ್ಪರ್ಶ ಮಾಡಿದ ಖರ್ಜೂರದ ಮರ ಮಾರಿದರೆ ಆ ಸಲದ ಫಲ ಮಾರಿದವನಿಗೇ ಸೇರುತ್ತದೆ. ಕೊಳ್ಳುವವನು ಮೊದಲೇ ಷರತ್ತು ಹಾಕಿದ್ದರೆ ಮಾತ್ರ ಅವನಿಗೆ. ಈ ಅರ್ಥದ ಪ್ರವಾದಿ(ಸ)ವಚನ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಮರ ಕಣ್ಣೆದುರಿಗಿದ್ದರೂ ಫಲ ಯಾರಿಗೆಂದು ಮೊದಲೇ ಮಾತಾಡಿಕೊಳ್ಳಬೇಕು. ಹಾಗಿರುವಾಗ ಮನೆಯ ಸಾಮಾನಿನ ವಿಷಯದಲ್ಲಿ ಮೌನವೇಕೆ?

ಬಯಾನಾ ಕೊಡುವಾಗಲೇ ಕರಾರು ಪತ್ರದಲ್ಲಿ ಉಳಿಯುವ ವಸ್ತುಗಳ ಪಟ್ಟಿ, ಒಯ್ಯುವ ವಸ್ತುಗಳ ಪಟ್ಟಿ ಎಂದು ಎರಡನ್ನೂ ಬರೆಸಿ. ಎರಡೂ ಕಡೆಯವರ ಸಹಿ, ಸಾಕ್ಷಿಗಳ ಸಹಿ ಇರಲಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಗಂಡಸರು ಚಕ್ಕುಬಂದಿ ನೋಡುತ್ತಾರೆ, ಬೆಲೆ ಮಾತಾಡುತ್ತಾರೆ. ಅಡುಗೆಮನೆಗೆ ಏನು ಬೇಕೆಂದು ನಮಗೆ ಗೊತ್ತು. ಆ ದಿನ ನಾವು ಒಳಗೆ ಚಹಾ ಮಾಡುತ್ತಾ ನಿಲ್ಲುವುದು ಬೇಡ.

ಕೊನೆಗೆ ಮೋಟಾರು ಮರಳಿ ಬಂತು, ಫ್ಯಾನುಗಳು ಮಾರಿದವರಲ್ಲೇ ಉಳಿದವು. ಆದರೆ ಆ ಇಬ್ಬರು ತಾಯಂದಿರು ಇಂದಿಗೂ ಶಾಲೆಯ ಗೇಟಿನ ಬಳಿ ಪರಸ್ಪರ ಸಲಾಮ್ ಹೇಳುವುದಿಲ್ಲ. ಅರ್ಧ ಹಾಳೆ ಕಾಗದದ ಮೇಲೆ ಮೊದಲೇ ನಾಲ್ಕು ಸಾಲು ಬರೆದಿದ್ದರೆ ಆ ಸಲಾಮ್ ಉಳಿಯುತ್ತಿತ್ತು.