ಒಂದೇ ಒಂದು ಬೋಲ್ಟು ಕೊಡಿ ಸ್ವಾಮಿ

ರಾತ್ರಿ ಹನ್ನೊಂದು ಗಂಟೆಗೆ ಐಸ್‌ಕ್ರೀಮ್ ಬೇಕು ಅನ್ನಿಸಿದರೆ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಫ್ಲ್ಯಾಟಿಗೆ 10 ನಿಮಿಷದಲ್ಲಿ ಬರುತ್ತೆ. ಕೊತ್ತಂಬರಿ ಸೊಪ್ಪು ಬರುತ್ತೆ, ಚಾರ್ಜರ್ ಬರುತ್ತೆ, ಪೂಜೆಗೆ ಹೂವೂ ಬರುತ್ತೆ. ಆದರೆ ನನ್ನ ಹಳೇ ಕಾರಿನ ಆಲ್ಟರ್ನೇಟರಿಗೆ ಬೇಕಾಗಿದ್ದ ಒಂದು ಬೋಲ್ಟು ಸಿಗೋಕೆ 10 ದಿನ ಹಿಡಿಯಿತು. ಮಧ್ಯದಲ್ಲಿ ಒಂದು ಬ್ರಾಕೆಟ್ಟೂ ಬಲಿಯಾಯಿತು. ಅದರಲ್ಲಿ ಕಾರು ಮಾಡುವವರ ತಪ್ಪೆಷ್ಟು, ನಮ್ಮಂಥ ಇಂಜಿನಿಯರುಗಳ ತಪ್ಪೆಷ್ಟು ಅನ್ನೋದೇ ಈ ಜಗಳ.

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಬೆಲ್ಟು ಕಿರ್ರ್ ಅಂತ ಕಿರುಚುತ್ತಿತ್ತು. ಬಾನೆಟ್ ಎತ್ತಿ ನೋಡಿದೆ. ಆಲ್ಟರ್ನೇಟರನ್ನು ಇಂಜಿನ್ನಿಗೆ ಹಿಡಿದಿಡುವ ಬೋಲ್ಟಿನ ಥ್ರೆಡ್ಡು ಸವೆದು ಲೊಡಲೊಡ ಅನ್ನುತ್ತಿತ್ತು. ಸಣ್ಣ ವಿಷಯ ಅಂದುಕೊಳ್ಳಬೇಡಿ. ನನ್ನ ಕಾರಿನಲ್ಲಿ ಅದೇ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸೋದು. ಬೆಲ್ಟು ಜಾರಿ ಬಿದ್ದರೆ ಬ್ಯಾಟರಿ ಚಾರ್ಜ್ ಆಗಲ್ಲ, ಇಂಜಿನ್ನಿಗೆ ನೀರು ಹರಿಯಲ್ಲ. ಹೊಸೂರು ರಸ್ತೆಯ ಫ್ಲೈಓವರ್ ಮೇಲೆ, ಪಕ್ಕಕ್ಕೆ ನಿಲ್ಲಿಸೋಕೂ ಜಾಗ ಇಲ್ಲದ ಕಡೆ, ಇಂಜಿನ್ ಕುದಿಯುತ್ತೆ.

ಮೊದಲು ಸರ್ವೀಸ್ ಸೆಂಟರಿಗೆ ಹೋದೆ. ಎ.ಸಿ. ಕೋಣೆ, ಕಾಫಿ, ಟೈ ಕಟ್ಟಿದ ಹುಡುಗ. "ಬೋಲ್ಟ್ ಒಂದೇ ಬರಲ್ಲ ಸಾರ್, ಬ್ರಾಕೆಟ್ ಸೆಟ್ಟೇ ತಗೋಬೇಕು. ಆರ್ಡರ್ ಹಾಕಿದ್ರೆ ಒಂದು ವಾರ." ಸರಿ, ಆ ಬೋಲ್ಟಿನ ಸೈಜ್ ಏನು ಅಂತ ಕೇಳಿದೆ. ಅವನ ಕಂಪ್ಯೂಟರಿನಲ್ಲಿ ಉದ್ದನೆಯ ಪಾರ್ಟ್ ನಂಬರ್ ಇತ್ತು, ಸೈಜ್ ಇರಲಿಲ್ಲ. ಹುಡುಗನನ್ನು ಬೈದು ಏನು ಪ್ರಯೋಜನ, ಅವನಿಗೆ ಕೊಟ್ಟಿರೋದೇ ಅಷ್ಟು.

ಆಮೇಲೆ ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿ. ಪ್ಲೈವುಡ್ಡು, ಕೀಲು, ಬಾಗಿಲ ಚಿಲಕ ಮಾರುವ ಅಂಗಡಿ ಅದು. ಹಳೇ ಬೋಲ್ಟನ್ನು ಮನೆಯಲ್ಲೇ ಬಿಟ್ಟು ಅದರ ಫೋಟೋ ಹಿಡಿದುಕೊಂಡು ಹೋಗಿದ್ದೆ. ನಮ್ಮ ಬುದ್ಧಿ ನೋಡಿ! "10 ಎಂ.ಎಂ. ಕೊಡಿ" ಅಂದೆ, ಕೊಟ್ಟರು. ಹಳೇ ಬೋಲ್ಟು ಬಿಚ್ಚಿದ್ದು 14ರ ಸ್ಪ್ಯಾನರಿನಲ್ಲಿ, ಹೊಸದರ ತಲೆಗೆ 17ರ ಸ್ಪ್ಯಾನರ್ ಬೇಕಾಯಿತು. ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎರಡು ಸುತ್ತು ಹೋಗಿ ಬಿಗಿಯಾಯಿತು. ಉದ್ದನೆ ಹ್ಯಾಂಡಲ್ ಹಾಕಿ ಎಳೆದೆ. ಬ್ರಾಕೆಟ್ಟಿನ ಅಲ್ಯೂಮಿನಿಯಂ ಥ್ರೆಡ್ಡು ಪುಡಿಪುಡಿಯಾಗಿ ಉದುರಿತು.

ಕಾರಣ ಇಷ್ಟೇ. 10 ಎಂ.ಎಂ. ಅನ್ನೋದು ದಪ್ಪ ಮಾತ್ರ. ಒಂದು ಥ್ರೆಡ್ಡಿನ ಏಣಿಗೂ ಮುಂದಿನದಕ್ಕೂ ಇರುವ ದೂರಕ್ಕೆ ಪಿಚ್ ಅಂತಾರೆ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ 10 ಎಂ.ಎಂ. ಬೋಲ್ಟಿನ ಪಿಚ್ 1.5. ಜಪಾನಿ ಮೂಲದ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಬರೋದು 1.25. ವ್ಯತ್ಯಾಸ ಕಾಲು ಮಿಲಿಮೀಟರು. ಪ್ರೊಡಕ್ಷನ್ನಿನಲ್ಲಿ ಒಂದು ಲೈಬ್ರರಿಯ ವರ್ಷನ್ ತಪ್ಪಿದರೆ ರಾತ್ರಿಯೆಲ್ಲ ಕಾಲ್ ಮೇಲೆ ಕೂರುವ ನನಗೆ ಇದು ಗೊತ್ತಿರಲಿಲ್ಲ. ಬಿ.ಇ. ಮೊದಲ ವರ್ಷ ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜಿ ಮಾರ್ಕ್ಸ್ ತಗೊಂಡವನು ನಾನು. ಊರಲ್ಲಿ ಅಪ್ಪ ಎಸ್ಸೆಸ್ಸೆಲ್ಸಿನೂ ಪಾಸಾಗಿಲ್ಲ. ಪಂಪ್‌ಸೆಟ್ ಬಿಚ್ಚುವಾಗ ಗೋಣಿಚೀಲ ಹಾಸಿ, ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಡೋನು. "ಬೆರಳಲ್ಲಿ ತಿರುಗದ್ದಕ್ಕೆ ಸ್ಪ್ಯಾನರ್ ಹಾಕಬೇಡ ಕಣೋ" ಅಂತ ನೂರು ಸಲ ಹೇಳಿದ್ದ. ನಾನು ಆಗ ಕೇಳಿಸಿಕೊಂಡಿದ್ದು ಎಲ್ಲಿ?

ಕೊನೆಗೆ ಹಳೇ ಬೋಲ್ಟು, ಹಾಳಾದ ಬ್ರಾಕೆಟ್ಟು ಎರಡನ್ನೂ ಲ್ಯಾಪ್‌ಟಾಪ್ ಬ್ಯಾಗಿಗೆ ತುಂಬಿಕೊಂಡು ಮೆಟ್ರೋ ಹತ್ತಿದೆ. ಹಳದಿ ಲೈನು, ಆರ್.ವಿ. ರೋಡಿನಲ್ಲಿ ಹಸಿರು ಲೈನು, ಪೀಣ್ಯ. ಬೋಲ್ಟಿಗಾಗಿಯೇ ಇರುವ ಅಂಗಡಿಯ ಯಜಮಾನರು ಹಳೇದನ್ನು ಕೈಗೆ ತಗೊಂಡು, ಬಾಚಣಿಗೆ ಹಲ್ಲಿನಂಥ ಥ್ರೆಡ್ ಗೇಜ್ ಇಟ್ಟು ನೋಡಿದರು. ಅರ್ಧ ನಿಮಿಷ. "10, 1.25, ಉದ್ದ 45. ತಲೆ ಮೇಲೆ 8.8 ಇರೋದೇ ಹಾಕಿ ಸಾರ್." ಬೆಲೆ 18 ರೂಪಾಯಿ.

ಸ್ಟೀಲಿಂದು ಹಾಕಿದ್ರೆ ತುಕ್ಕು ಹಿಡಿಯಲ್ಲ ಅಲ್ವಾ ಅಂತ ನನ್ನ ಜಾಣತನ ತೋರಿಸಿದೆ. ಅವರು ನಕ್ಕರು. 8.8 ಅಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್, ಅಂದರೆ ಸುಮಾರು 80 ಕೆ.ಜಿ. ಎಳೆದರೂ ತುಂಡಾಗಬಾರದು; ಅದರ 80 ಭಾಗ, ಅಂದರೆ 640 ನ್ಯೂಟನ್ ತನಕ ಹಿಗ್ಗಿ ಹಾಗೇ ಉಳಿಯಬಾರದು. ಅಂಗಡಿಯಲ್ಲಿ ಸಿಗುವ ಎ2-70 ಗುರುತಿನ ಸ್ಟೇನ್‌ಲೆಸ್ 450ಕ್ಕೇ ಹಿಗ್ಗತೊಡಗುತ್ತೆ. ಸಾಲದ್ದಕ್ಕೆ ನೀರು ತಾಗಿದರೆ ಪಕ್ಕದ ಅಲ್ಯೂಮಿನಿಯಮ್ಮನ್ನೇ ತಿಂದುಹಾಕುತ್ತೆ. ಹೊಳಪು ನೋಡಿ ಬೋಲ್ಟು ತಗೋಬಾರದು. ಬ್ರಾಕೆಟ್ಟನ್ನೂ ಎಸೆಯಬೇಕಾಗಲಿಲ್ಲ. ಪಕ್ಕದ ಲೇತ್ ಶಾಪಿನವರು ತೂತನ್ನು ಸ್ವಲ್ಪ ದೊಡ್ಡದು ಮಾಡಿ ಹೆಲಿಕಾಯಿಲ್ ಸುರುಳಿ ಕೂರಿಸಿಕೊಟ್ಟರು.

ಈಗ ಜಗಳಕ್ಕೆ ಬರೋಣ. ಬೋಲ್ಟಿನ ಸೈಜು ವ್ಯಾಪಾರದ ಗುಟ್ಟಲ್ಲ. ದಪ್ಪ, ಪಿಚ್, ಉದ್ದ, ಗ್ರೇಡು, ನಾಲ್ಕು ಅಂಕಿ. ಅದನ್ನು ಪಾರ್ಟ್ ನಂಬರಿನ ಹಿಂದೆ ಬಚ್ಚಿಟ್ಟು, 18 ರೂಪಾಯಿ ಸಾಮಾನಿಗೆ ಇಡೀ ಸೆಟ್ಟು ಮಾರೋದು ಯಾವ ನ್ಯಾಯ? 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗ, ದೋಷ ಪತ್ತೆ ಮಾಡುವ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದೇ ಕಾರಣ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿ'ಗೆ ಸಮಿತಿ ಮಾಡಿ, ಪೋರ್ಟಲ್ಲನ್ನೂ ತೆರೆಯಿತು. ಆ ಪಟ್ಟಿಯಲ್ಲಿ ವಾಹನಗಳೂ ಇವೆ. ಆದರೆ ಕೌಂಟರಿನಲ್ಲಿ ನನಗೆ ಸಿಕ್ಕ ಉತ್ತರ "ಬೋಲ್ಟ್ ಒಂದೇ ಬರಲ್ಲ ಸಾರ್" ಅಂತಲೇ.

ನೀವು ಹೇಳಬಹುದು: "ನನ್ನ ಟೈಮಿಗೆ ಬೆಲೆ ಇದೆ ಗುರೂ, ದುಡ್ಡು ಬಿಸಾಕಿ ಸೆಟ್ಟೇ ತಗೋತೀನಿ." ತಗೊಳ್ಳಿ, ನಿಮ್ಮ ದುಡ್ಡು. ಆದರೆ ಬೊಮ್ಮಸಂದ್ರದಲ್ಲಿ ಮರದ ಕೆಳಗೆ ಗ್ಯಾರೇಜ್ ಇಟ್ಟಿರೋ ಹುಡುಗನಿಗೆ ಆ ಆಯ್ಕೆ ಇಲ್ಲ. ಅವನ ಹತ್ತಿರ ಬರುವ ಟ್ಯಾಕ್ಸಿ ಡ್ರೈವರಿಗೆ ಒಂದು ವಾರ ಗಾಡಿ ನಿಂತರೆ ಆ ತಿಂಗಳ ಇ.ಎಂ.ಐ. ಕಟ್ಟೋಕಾಗಲ್ಲ. ನಾವು ಪ್ರಶ್ನೆ ಕೇಳದೆ ಕಾರ್ಡ್ ಉಜ್ಜಿದಷ್ಟೂ ಸೆಟ್ಟು ಮಾರೋದೇ ಪದ್ಧತಿಯಾಗುತ್ತೆ, ಅದರ ಬಿಸಿ ತಟ್ಟೋದು ಅವರಿಗೆ. ಓಪನ್ ಸೋರ್ಸ್ ಬಗ್ಗೆ ವೈಟ್‌ಫೀಲ್ಡಿನ ಮೀಟಪ್ಪುಗಳಲ್ಲಿ ಭಾಷಣ ಬಿಗಿಯುವ ನಾವು, ನಮ್ಮದೇ ಕಾರಿನ ಬೋಲ್ಟಿನ ಸೈಜ್ ಕೇಳೋಕೆ ಯಾಕೆ ಬಾಯಿ ಬಿಡಲ್ಲ?

ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗಿಗೆ ನೀವೇ ಕೈ ಹಾಕಿ ಅಂತ ನಾನು ಹೇಳ್ತಿಲ್ಲ. ಅದು ಪಳಗಿದವರ ಕೆಲಸ. ಆದರೆ ಬಿಚ್ಚಿದ ಬೋಲ್ಟನ್ನೇ ಸ್ಯಾಂಪಲ್ಲಿಗೆ ತಗೊಂಡು ಹೋಗಿ, ಫೋಟೋ ಸಾಲದು. ಒಂದು ಥ್ರೆಡ್ ಗೇಜ್ ಇಟ್ಟುಕೊಳ್ಳಿ, ಎರಡು ಪಿಜ್ಜಾಗಿಂತ ದುಬಾರಿಯಲ್ಲ. ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಸರ್ವೀಸ್ ಸೆಂಟರಿನಲ್ಲಿ ಸೈಜು ಕೇಳಿ, ಕೊಡದಿದ್ದರೆ 'ಕೊಡಲ್ಲ' ಅಂತ ಬರೆದುಕೊಡಿ ಅನ್ನಿ.

ಪ್ರತಿ ಆಯುಧಪೂಜೆಗೆ ನಮ್ಮ ಬೇಸ್‌ಮೆಂಟಿನಲ್ಲಿ ಸಾಲು ಸಾಲು ಕಾರಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಫೋಟೋ ಹಾಕ್ತೀವಿ. ಆ ಬಾನೆಟ್ಟನ್ನು ಒಂದು ಸಲವಾದರೂ ಎತ್ತಿದವರು ಎಷ್ಟು ಜನ? ಈ ಸಲ ಹಾರ ಹಾಕೋ ಮುಂಚೆ ಎತ್ತಿ. ನಿಮ್ಮ ಗಾಡಿಯ ಬೆಲ್ಟು ಹಿಡಿದಿರೋ ಬೋಲ್ಟು ಯಾವುದು, ಅದಕ್ಕೆ ಎಷ್ಟರ ಸ್ಪ್ಯಾನರ್ ಕೂರುತ್ತೆ, ಅಷ್ಟು ನೋಡಿ. ಕುಂಬಳಕಾಯಿ ಆಮೇಲೆ ಒಡೆಯೋಣ.